ಕೆಂಚನಗುಡ್ಡದ ಕೆನೆ

ಭುವನಾ ಬಡಿಗೇರಳನ್ನು ಪ್ರಯೋಗಾಲಯದ ಗೋಡೆಗೆ ಒರಗಿಸಿ ನಿಲ್ಲಿಸಿ, ಬಲಗೈಯನ್ನು ಎಷ್ಟು ಸಾಧ್ಯವೋ ಅಷ್ಟು ಮೇಲಕ್ಕೆತ್ತುವಂತೆ ಡಾ. ಮೌಲಾಲಿ ನದಾಫ್ ಹೇಳಿದರು. ಅವಳ ಬೆರಳ ತುದಿ ಮುಟ್ಟಿದಲ್ಲಿ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದು, ನೆಲದಿಂದ ಅಲ್ಲಿಯವರೆಗೆ ಟೇಪು ಹಿಡಿದರು.

“ಆರಡಿ ಒಂದಂಗುಲ. ಚೀಲ ನೇತುಹಾಕೋಕೆ ನಿಮ್ಮ ಕೈಗೆ ಎಟುಕೋದು ಇಷ್ಟೇ. ಕೊಳವೆ ಐದಡಿ ಸಾಕು. ಹೋದ ವಾರ ಬಂದಿದ್ದವರಿಗೆ ಏಳಡಿ ಬೇಕಾಗಿತ್ತು.”

“ನಾನು ಕುಳ್ಳಿ ಅನ್ನೋದನ್ನ ಇಷ್ಟು ಸುತ್ತಿ ಬಳಸಿ ಹೇಳ್ಬೇಕೇನ್ರಿ ಸರ್?” ಎಂದಳು ಭುವನಾ.

ನದಾಫ್ ನಗಲಿಲ್ಲ. ಅಳತೆಯ ವಿಷಯದಲ್ಲಿ ಅವರಿಗೆ ನಗು ಬರುತ್ತಿರಲಿಲ್ಲ. ಕೊಳವೆಯ ಒಂದಡಿ ಎಂದರೆ ಒಂಬತ್ತು ಗ್ರಾಂ ತೂಕ. ಬೆನ್ನ ಮೇಲೆ ಹನ್ನೊಂದು ಕಿಲೋ ಹೊತ್ತು ನಾಲ್ಕು ದಿನ ಬೆಟ್ಟ ಹತ್ತಿಳಿಯುವವರಿಗೆ ಒಂಬತ್ತು ಗ್ರಾಂ ಎಂದರೆ ಎಷ್ಟು ಎಂಬುದು ಅವರಿಗೆ ಗೊತ್ತಿತ್ತು.

ಸೊಂಡೂರಿನ ಬೆಟ್ಟಸಾಲಿನಲ್ಲಿ ಗಣಿಗಾರಿಕೆ ನಿಂತು ಆಗ ಹದಿನೆಂಟು ವರ್ಷವಾಗಿತ್ತು. ಲಾರಿಗಳು ಓಡಾಡಿದ್ದ ರಸ್ತೆಗಳನ್ನು ಕಿತ್ತು ಕಾಡಿಗೆ ಬಿಟ್ಟುಕೊಟ್ಟಿದ್ದರು. ಬೆಟ್ಟದ ಮೇಲಿನ ಹಟ್ಟಿ, ತಾಂಡಾಗಳಿಗೆ ಉಳಿದದ್ದು ಕಾಲುದಾರಿ ಮಾತ್ರ. ಆ ದಾರಿಗಳಲ್ಲಿ ಔಷಧಿ ಹೊತ್ತು ತಿರುಗಲು ಸರ್ಕಾರ ನಡಿಗೆ ನರ್ಸುಗಳನ್ನು ನೇಮಿಸಿತ್ತು. ಅವರಲ್ಲಿ ಭುವನಾ ಒಬ್ಬಳು.

ನಡೆಯುವವರಿಗೆ ದೊಡ್ಡ ಕಷ್ಟ ನೀರಿನದು. ಹನ್ನೆರಡು ವರ್ಷದ ಹಿಂದೆ ಹಳ್ಳಕೊಳ್ಳಗಳಲ್ಲಿ ಹೊಸದೊಂದು ರೋಗಾಣು ಕಾಣಿಸಿಕೊಂಡಿತು. ಮಿಕ್ಕ ರೋಗಾಣುಗಳಿಗಿಂತ ತೀರ ಚಿಕ್ಕದಾದ ಅದು ಅಲ್ಲಿಯವರೆಗೆ ಚಾರಣಿಗರು ನಂಬಿಕೊಂಡು ಬಂದಿದ್ದ ಶೋಧಕಗಳ ಸಂದಿಯಲ್ಲೆಲ್ಲ ನುಸುಳಿ ಹೋಗುತ್ತಿತ್ತು. ಜನ ಅದಕ್ಕೆ ನುಸುಳಿ ಎಂದೇ ಹೆಸರಿಟ್ಟರು. ನುಸುಳಿ ಹೊಕ್ಕ ಒಂಬತ್ತನೆಯ ದಿನ ಜ್ವರ ಬರುತ್ತದೆ. ಮೂರು ವಾರ ಸುಡುತ್ತದೆ. ಬದುಕಿದವರಿಗೆ ಕೈಕಾಲು ಜೋಮು ಹಿಡಿದಂತಾಗಿ ಹಾಗೇ ಉಳಿಯುವುದುಂಟು. ಕುದಿಸಿದರೆ ಅದು ಸಾಯುತ್ತದೆ, ನಿಜ. ಆದರೆ ಒಲೆ, ಉರುವಲು ಹೊತ್ತು ಬೆಟ್ಟ ಹತ್ತುವವರು ಔಷಧಿ ಹೊರುವುದು ಹೇಗೆ?

ಅದಕ್ಕೆ ಉತ್ತರವಾಗಿ ಬಂದದ್ದು ಕೆನೆ. ಬಳ್ಳಾರಿಯ ಈ ಪ್ರಯೋಗಾಲಯದಲ್ಲಿ ನದಾಫ್ ಮತ್ತು ಅವರ ಜೊತೆಯವರು ಸಿಹಿನೀರಿನ ಮೇಲೆ ಒಂದು ಬಗೆಯ ಸೂಕ್ಷ್ಮಜೀವಿಯನ್ನು ಬೆಳೆಸಿದರು. ಅದು ತನ್ನ ಮೈಯಿಂದ ನೂಲು ತೆಗೆದು, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ, ನೀರಿನ ಮೇಲೆ ತೆಳ್ಳಗಿನ ಹಾಳೆ ನೇಯುತ್ತಿತ್ತು. ಆ ನೇಯ್ಗೆ ಎಷ್ಟು ಒತ್ತೆಂದರೆ ನೀರು ಇಳಿಯುತ್ತದೆ, ನುಸುಳಿ ಇಳಿಯುವುದಿಲ್ಲ. ಅಂಗೈಯಗಲದ ಕೆನೆಯನ್ನು ಒಂದು ಬಳೆಯಲ್ಲಿ ಕೂರಿಸಿ, ಮೇಲೊಂದು ಚೀಲ, ಕೆಳಗೊಂದು ಚೀಲ, ನಡುವೆ ಕೊಳವೆ. ಹಳ್ಳದ ನೀರು ತುಂಬಿದ ಚೀಲವನ್ನು ಕೊಂಬೆಗೆ ನೇತುಹಾಕಿ ಕುಳಿತರೆ, ಆರು ನಿಮಿಷಕ್ಕೊಂದು ಲೀಟರು ಕೆಳಗಿಳಿಯುತ್ತದೆ. ಪಂಪು ಬೇಡ, ಬ್ಯಾಟರಿ ಬೇಡ. ಚೀಲ ಎತ್ತರದಲ್ಲಿದ್ದಷ್ಟೂ ನೀರಿನ ಒತ್ತಡ ಹೆಚ್ಚು, ಅಷ್ಟೇ ಲೆಕ್ಕ.

ಒಂದೊಂದು ಬೆಟ್ಟದ ನೀರು ಒಂದೊಂದು ಬಗೆ. ಹಾಗಾಗಿ ಯಾವ ದಾರಿಯವರಿಗೋ ಆ ದಾರಿಯ ನೀರಿನ ಮೇಲೇ ಕೆನೆ ಬೆಳೆಸುತ್ತಿದ್ದರು. ಪ್ರಯೋಗಾಲಯದ ಕಪಾಟಿನ ತುಂಬ ಗಾಜಿನ ಜಾಡಿಗಳು, ಜಾಡಿಯ ಮೇಲೆ ಹಳ್ಳಗಳ ಹೆಸರು. ಭುವನಾಳ ಜಾಡಿಯ ನೀರು ಚಹಾದ ಬಣ್ಣಕ್ಕಿತ್ತು. ಕೆಂಚನಗುಡ್ಡದ ಕಬ್ಬಿಣದ ಮಣ್ಣಿನ ನೀರು.

“ಒಟ್ಟು ಎಷ್ಟಾಯ್ತು ಸರ್?” ಎಂದು ಕೇಳಿದಳು.

“ಇನ್ನೂರ ಹತ್ತು ಗ್ರಾಂ.”

“ಇನ್ನೊಂಚೂರು ಇಳಿಸ್ರಿ. ನನಗೆ ಎರಡು ಇಂಜೆಕ್ಷನ್ ಡಬ್ಬಿ ಹೆಚ್ಚಿಗೆ ಒಯ್ಬೇಕಾಗೈತೆ.”

ನದಾಫ್ ಕೊಕ್ಕೆ ಬದಲಿಸಿದರು, ಪಟ್ಟಿಯ ಅಗಲ ಕತ್ತರಿಸಿದರು. ಮುಚ್ಚಳ ತೆಗೆದು ಬಟ್ಟೆಯ ಗಂಟು ಸಾಕೆಂದರು. ಇಷ್ಟು ಮಾಡಿದರೂ ಹದಿನಾಲ್ಕು ಗ್ರಾಂ ಇಳಿಯಿತಷ್ಟೆ. ಕೊನೆಗೆ ಮೇಜಿನ ಮೇಲೆ ಉಳಿದಿದ್ದು ಒಂದು ಪುಟ್ಟ ಡಬ್ಬಿ. ಅದರಲ್ಲಿ ಹೆಚ್ಚುವರಿ ಕೆನೆಯ ಬಳೆ ಇತ್ತು. ತೂಕ ನಲವತ್ತು ಗ್ರಾಂ.

“ಇದನ್ನ ಬಿಟ್ಟು ಹೋಗ್ತೀನ್ರಿ,” ಎಂದಳು ಭುವನಾ. “ಮೂರು ವರ್ಷ ಆಯ್ತು, ಒಂದ್ಸಲಾನೂ ತೆಗೆದಿಲ್ಲ.”

ನದಾಫ್ ಸ್ವಲ್ಪ ಹೊತ್ತು ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದರು. ಆಮೇಲೆ ಅದನ್ನು ಡ್ರಾಯರಿನಲ್ಲಿಟ್ಟು, ರಿಜಿಸ್ಟರಿನಲ್ಲಿ ಸಹಿ ಹಾಕಿದರು.

ಚೀಲಗಳನ್ನು ಹೊಲಿಯುತ್ತಿದ್ದವರು ನದಾಫರ ತಾಯಿ ಹುಸೇನಬಿ. ಹತ್ತಿ ಹಿಂಜುವ, ಕೌದಿ ಹೊಲಿಯುವ ಮನೆತನ. ಕೌಲ್‌ಬಜಾರಿನ ಮನೆಯ ಪಡಸಾಲೆಯಲ್ಲಿ ಕೂತು, ಮೇಲಿನ ಚೀಲದ ಬಾಯಿಗೆ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಹಾಕಿ ಹೊಲಿಯುತ್ತಿದ್ದರು. ಕಸಕಡ್ಡಿ, ಮರಳು ಅಲ್ಲೇ ನಿಲ್ಲಬೇಕು.

“ಹೊಸ ಬಟ್ಟೆ ಯಾಕೆ ಬ್ಯಾಡ ಅಂತೀಯಮ್ಮ?” ಎಂದು ಮಗ ಒಮ್ಮೆ ಕೇಳಿದ್ದರು.

“ಒಗೆದೂ ಒಗೆದೂ ಹಳೇದಾದ್ರೇನೆ ನೂಲು ಉಬ್ಬಿ ಸಂದಿ ಮುಚ್ತೈತೆ. ನೀನು ಅಷ್ಟು ಓದಿದ್ದೀಯ, ಇದು ಗೊತ್ತಿಲ್ವಾ?” ಎಂದಿದ್ದರು ಹುಸೇನಬಿ.

*

ಶ್ರಾವಣದ ಎರಡನೆಯ ವಾರ ಭುವನಾ ಕೆಂಚನಗುಡ್ಡ ತಾಂಡಾ ಮುಟ್ಟಿದಾಗ ಎರಡು ದಿನದಿಂದ ಹಿಡಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ಲಂಬಾಣಿಗರ ಹನ್ನೊಂದು ಮನೆ, ನಲವತ್ತಾರು ಜನ. ಅವಳು ಹೋಗಿದ್ದೇ ಶೀಲಾಬಾಯಿಯ ಹೆರಿಗೆಗೆ. ಚೊಚ್ಚಲು. ಮಧ್ಯಾಹ್ನದ ಹೊತ್ತಿಗೆ ಗಂಡುಮಗು ಹುಟ್ಟಿತು. ಹುಟ್ಟಿದ ಮೇಲೆ ತಾಯಿಗೆ ರಕ್ತ ನಿಲ್ಲಲಿಲ್ಲ. ಭುವನಾ ಒಂದರ ಹಿಂದೆ ಒಂದು ಇಂಜೆಕ್ಷನ್ ಕೊಟ್ಟು, ಹೊಟ್ಟೆ ಒತ್ತಿ ಹಿಡಿದು, ಒಂದು ಗಂಟೆ ಬೆವರಿದ ಮೇಲೆ ರಕ್ತ ನಿಂತಿತು. ಶೀಲಾಳ ಅತ್ತೆ ಗಮ್ಲಿಬಾಯಿ ಮೂಲೆಯಲ್ಲಿ ಕೂತು ಅಳುತ್ತಿದ್ದವಳು ಎದ್ದು ಬಂದು ಭುವನಾಳ ಹಣೆಯನ್ನು ತನ್ನ ಸೆರಗಿನಿಂದ ಒರೆಸಿದಳು.

ಮರುದಿನ ಬೆಳಿಗ್ಗೆ ಮಳೆ ನಿಂತಿತು. ನಿಂತ ಒಂದು ತಾಸಿಗೆ ಬೆಟ್ಟದ ಮಗ್ಗುಲಿನಿಂದ ಲಾರಿಗಟ್ಟಲೆ ಕಲ್ಲು ಸುರಿದಂಥ ಸದ್ದು ಕೇಳಿಸಿತು. ಗಣಿಯ ಕಾಲದಲ್ಲಿ ಗುಡ್ಡೆ ಹಾಕಿದ್ದ ಮಣ್ಣಿನ ರಾಶಿ ನೆನೆದು ಜಾರಿತ್ತು. ಕೆಳಗಿನ ಕಾಲುದಾರಿಯನ್ನೂ ಮೇಲಿನ ಕಾಲುದಾರಿಯನ್ನೂ ಅದು ನುಂಗಿತ್ತು. ವಿದ್ಯುತ್ ಕಂಬಗಳು ಹೋದವು. ತಾಂಡಾದವರು ತಲೆಮಾರಿನಿಂದ ಕುಡಿಯುತ್ತಿದ್ದ, ಕಲ್ಲಿನೊಳಗಿಂದ ಬರುವ ಒರತೆ ಮುಚ್ಚಿಹೋಯಿತು. ಪುಣ್ಯಕ್ಕೆ ಮನೆಗಳು ಉಳಿದವು.

ತಾಂಡಾದ ನಾಯಕ ಧರ್ಮಾ ನಾಯ್ಕ ಎಲ್ಲ ನೋಡಿಕೊಂಡು ಬಂದು ಹೇಳಿದ. “ಅಕ್ಕಾರೆ, ಈ ಕಡೆಗೂ ದಾರಿ ಇಲ್ಲ, ಆ ಕಡೆಗೂ ಇಲ್ಲ. ಮಣ್ಣಿನ್ನೂ ಜರಗ್ತಾ ಐತೆ. ಕಾಲಿಟ್ರೆ ಮುಳುಗ್ತಾರೆ.”

ಭುವನಾ ರೇಡಿಯೋದಲ್ಲಿ ಬಳ್ಳಾರಿಯ ನಿಯಂತ್ರಣ ಕೊಠಡಿಗೆ ಸುದ್ದಿ ಮುಟ್ಟಿಸಿದಳು. ಮೋಡ ಬೆಟ್ಟದ ತಲೆಯ ಮೇಲೇ ಕೂತಿದ್ದರಿಂದ ಡ್ರೋನು ಬರುವ ಹಾಗಿರಲಿಲ್ಲ. ದಾರಿ ಕಡಿಯುವ ತಂಡಕ್ಕೆ ಐದು ದಿನವಾದರೂ ಬೇಕು ಎಂದರು. ಹಿಟ್ಟು, ಬೇಳೆ ಇದ್ದವು. ಹಿಡಿದಿಟ್ಟ ಮಳೆನೀರು ಒಂದೇ ದಿನಕ್ಕೆ ಮುಗಿಯಿತು. ಎಲ್ಲರ ಮನೆಯಲ್ಲಿ ಇದ್ದದ್ದು ಕರೆಂಟಿನ ಒಲೆ. ಸೌದೆ ಕೂಡಿಡುವ ರೂಢಿ ತಪ್ಪಿ ಎಷ್ಟೋ ವರ್ಷವಾಗಿತ್ತು. ಕಾಡಿನ ಕಟ್ಟಿಗೆಯೆಲ್ಲ ನೆನೆದಿತ್ತು. ಗಮ್ಲಿಬಾಯಿ ಬಾಣಂತಿ ಕಾಯಿಸಲೆಂದು ಮೊದಲೇ ತರಿಸಿಟ್ಟಿದ್ದ ಒಂದು ಚೀಲ ಇದ್ದಿಲಷ್ಟೇ ಒಣಗಿತ್ತು. ಅದರಲ್ಲಿ ದಿನಕ್ಕೆ ಐದಾರು ಲೀಟರು ಕುದಿಸಬಹುದು. ಬಾಣಂತಿಗೆ, ಎಳೆಮಕ್ಕಳಿಗೆ, ಹಾಸಿಗೆ ಹಿಡಿದ ಮುದುಕರಿಗೆ ಅದು ಸರಿಹೋಗುತ್ತಿತ್ತು.

ಮಿಕ್ಕವರಿಗೆ ಇದ್ದದ್ದು ಭುವನಾಳ ಚೀಲ, ಮತ್ತು ಕುಂಕುಮ ಕದಡಿದಂತೆ ಹರಿಯುತ್ತಿದ್ದ ಹಳ್ಳ.

ಒಬ್ಬಳಿಗೆಂದು ಮಾಡಿದ ಚೀಲದಿಂದ ಊರಿಗೆಲ್ಲ ನೀರಿಳಿಸಲು ಹೊರಟಾಗ ಮೊದಲ ದಿನ ನಡೆಯಿತು. ಎರಡನೆಯ ದಿನಕ್ಕೆ ಕೆಂಪು ಮಣ್ಣು ಕೆನೆಗೆ ಮೆತ್ತಿಕೊಂಡಿತು. ಆರು ನಿಮಿಷಕ್ಕೆ ಬರುತ್ತಿದ್ದ ಲೀಟರು ನಲವತ್ತು ನಿಮಿಷ ತೆಗೆದುಕೊಂಡಿತು. ಅವಳು ಕೆಳಗಿನಿಂದ ಶುದ್ಧನೀರು ಹಿಂದಕ್ಕೆ ಹಾಯಿಸಿ ಕೆನೆ ತೊಳೆದಳು. ಸ್ವಲ್ಪ ಹೊತ್ತು ಚುರುಕಾಗಿ ಮತ್ತೆ ಮಂದವಾಯಿತು. ಬಿಂದಿಗೆ ಹಿಡಿದು ಸಾಲಾಗಿ ಕೂತ ಹೆಂಗಸರು ತೊಟ್ಟಿಕ್ಕುವ ನೀರನ್ನೇ ನೋಡುತ್ತಿದ್ದರು. ಕಾಯಲಾರದೆ ಐವರು ಹಳ್ಳದ ನೀರನ್ನೇ ಕುಡಿದುಬಿಟ್ಟಿದ್ದರು ಎಂದು ಆಮೇಲೆ ತಿಳಿಯಿತು.

ಎತ್ತರ ಹೆಚ್ಚಿಸಿದರೆ ಒತ್ತಡ ಹೆಚ್ಚುತ್ತದೆ ಎಂಬುದು ಅವಳಿಗೆ ನೆನಪಿತ್ತು. ಸಲೈನ್ ಹಾಕುವ ನಳಿಗೆಗಳು ಅವಳ ಬಳಿ ಆರು ಇದ್ದವು. ಅವನ್ನು ಒಂದಕ್ಕೊಂದು ಸೇರಿಸಿ ಕೊಳವೆ ಉದ್ದ ಮಾಡಿದಳು. ಧರ್ಮಾ ನಾಯ್ಕ ಬೇವಿನ ಮರ ಹತ್ತಿ ಇಪ್ಪತ್ತೈದು ಅಡಿ ಮೇಲೆ ಚೀಲ ಕಟ್ಟಿದ. ನೀರು ಸೊರ್ರನೆ ಇಳಿಯಿತು. ಹೆಂಗಸರ ಮುಖ ಅರಳಿತು. ಮೂರು ಬಿಂದಿಗೆ ತುಂಬಿದವು. ನಾಲ್ಕನೆಯದು ತೀರ ಬೇಗ ತುಂಬುತ್ತಿರುವುದನ್ನು ಕಂಡು ಭುವನಾ ಬಗ್ಗಿ ನೋಡಿದಳು. ನೀರಿಗೆ ತೆಳ್ಳಗೆ ಕೆಂಪು ಬಂದಿತ್ತು.

“ಯಾರೂ ಕುಡೀಬ್ಯಾಡ್ರಿ. ನಾಲ್ಕೂ ಬಿಂದಿಗೆ ಚೆಲ್ರಿ, ಕೆಂಪು ಯಾವಾಗಿಂದ ಬಂತೋ ಗೊತ್ತಿಲ್ಲ,” ಎಂದಳು. ಬಳೆ ಬಿಚ್ಚಿದಾಗ ಕೆನೆಯ ನಡುವೆ ಹೆಬ್ಬೆರಳ ಉಗುರಿನಷ್ಟು ಉದ್ದದ ಹರಕು ಕಂಡಿತು. ಹೆಚ್ಚುವರಿ ಬಳೆ ಬಳ್ಳಾರಿಯ ಡ್ರಾಯರಿನಲ್ಲಿತ್ತು.

*

ನಿಯಂತ್ರಣ ಕೊಠಡಿಯ ಪಂಪಾಪತಿ ಫೋನು ಮಾಡಿದಾಗ ನದಾಫ್ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಸುದ್ದಿ ಕೇಳಿ ತಟ್ಟೆ ಪಕ್ಕಕ್ಕೆ ಸರಿಸಿದರು.

“ಏನಾಯ್ತು ಬೇಟಾ?” ಎಂದರು ಹುಸೇನಬಿ.

“ಕೆನೆ ಹರಿದೈತಂತಮ್ಮ. ಇನ್ನೊಂದು ಇತ್ತು. ನಾನೇ ತೆಗೆದಿಟ್ಟೆ. ಭಾರ ಆಗ್ತೈತೆ ಅಂದ್ಲು, ನಾನೂ ಹೂಂ ಅಂದೆ. ಸಹಿ ನಂದು.”

ಹುಸೇನಬಿ ಮಗನ ಕೈಗೆ ನೀರು ಹಾಕಿ ತೊಳೆಸಿದರು. “ಸಹಿ ಯಾರ್ದು ಅಂತ ಆಮೇಲೆ ನೋಡೋಣ. ಆ ಹುಡುಗಿ ಅಲ್ಲಿ ಒಬ್ಳೇ ಅದಾಳೆ. ಅವಳ ಕಿವಿಗೆ ಒಂದು ದನಿ ಬೇಕು. ಎದ್ದೇಳು.”

ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಬೆಟ್ಟಸಾಲಿನ ನಕ್ಷೆ. ನಡೆಯುತ್ತಿರುವ ಒಬ್ಬೊಬ್ಬ ನರ್ಸಿಗೂ ಒಂದೊಂದು ಹಸಿರು ಚುಕ್ಕಿ. ಕೆಂಚನಗುಡ್ಡದ ಚುಕ್ಕಿ ಮೂರು ದಿನದಿಂದ ಕದಲಿರಲಿಲ್ಲ. ನದಾಫ್ ಮೈಕಿನ ಮುಂದೆ ಕೂತರು.

“ಸಿಸ್ಟರ್, ನಾನು ನದಾಫ್. ಆ ಇನ್ನೊಂದು ಬಳೆ ನಾನು ನಿಮ್ಮ ಚೀಲದಾಗೆ ಹಾಕ್ಬೇಕಾಗಿತ್ತು. ತಪ್ಪು ನಂದು.”

ಗರಗರ ಸದ್ದಿನ ನಡುವೆ ಅವಳ ದನಿ ಬಂತು. “ಸರ್, ಆ ತೂಕದ ಜಾಗದಾಗೆ ಎರಡು ಇಂಜೆಕ್ಷನ್ ತಂದಿದ್ನಲ್ರಿ. ಎರಡೂ ಮೊನ್ನೆ ಶೀಲಾಬಾಯಿಗೆ ಕೊಟ್ಟೆ. ಮೊದಲಿಂದು ಸಾಕಾಗ್ಲಿಲ್ಲ. ಅವು ಇಲ್ದಿದ್ರೆ ಇವತ್ತು ಆ ಕೂಸಿಗೆ ತಾಯಿ ಇರ್ತಿರಲಿಲ್ಲ. ಹಂಗಾಗಿ ತಪ್ಪಿನ ಮಾತು ಬಿಡ್ರಿ. ಚೀಲ ಮರದ ಎತ್ತರಕ್ಕೆ ಕಟ್ಟಿ, ಕೆನೆ ಹರಿಯೋ ಹಂಗೆ ನಾನೂ ತಪ್ಪು ಮಾಡೀನಿ. ಈಗೇನು ಮಾಡ್ಲಿ, ಅದು ಹೇಳ್ರಿ.”

ನದಾಫ್ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. ಪಂಪಾಪತಿ ಅವರ ಕಡೆ ನೋಡದೆ ನಕ್ಷೆಯ ಕಡೆ ತಿರುಗಿ ಕೂತ.

“ಕೆನೆಗೆ ಇನ್ನೂ ಜೀವ ಐತೆ,” ಎಂದರು ನದಾಫ್. “ಚೀಲದಾಗೆ ಇದ್ದಾಗ ಅದು ನಿದ್ದೆ ಮಾಡ್ತಿರ್ತೈತೆ. ಸಿಹಿ, ಗಾಳಿ, ಬೆಚ್ಚಗಿನ ಜಾಗ ಸಿಕ್ರೆ ಎದ್ದು ಮತ್ತೆ ನೇಯ್ತೈತೆ. ಪ್ರಯೋಗಾಲಯದಾಗೆ ಇಪ್ಪತ್ತು ತಾಸಿಗೆ ಹರಕು ಕೂಡಿದ್ದನ್ನ ನೋಡೀನಿ. ಬೆಟ್ಟದ ಮೇಲೆ ಯಾರೂ ಮಾಡಿಲ್ಲ.”

“ಬೆಲ್ಲ ಐತ್ರಿ.”

“ಬೆಲ್ಲದ ನೀರು ಕುದಿಸಿ ಆರಿಸ್ರಿ. ಕೆನೆ ತೊಳೆದು, ಅಗಲವಾದ ಡಬ್ಬಿಯಾಗೆ ಹರಡಿ, ಅದು ಮುಳುಗದ ಹಾಗೆ ನೀರು ಹಾಕ್ರಿ. ಮೇಲೆ ತೆಳು ಬಟ್ಟೆ. ಹುಳಿ ವಾಸನೆ ಬಂದ್ರೆ ಅದು ಎದ್ದೈತೆ ಅಂತ ಅರ್ಥ. ಆ ಹುಳಿಗೆ ನುಸುಳಿ ಬದುಕಲ್ಲ. ಆದ್ರೆ ಒಂದು ಮಾತು. ಜಾಗ ಬೆಚ್ಚಗಿರ್ಬೇಕು. ಮೂವತ್ತು ಡಿಗ್ರಿ. ಅದಕ್ಕಿಂತ ತಣ್ಣಗಾದ್ರೆ ನೇಯೋದಿಲ್ಲ.”

ಬೆಟ್ಟದ ಮೇಲೆ ಮಂಜು ಮನೆಯೊಳಕ್ಕೇ ಬರುತ್ತಿತ್ತು. ಅಂಗಳದಲ್ಲಿ ಹದಿನೆಂಟು ಡಿಗ್ರಿಯೂ ಇರಲಿಲ್ಲ.

*

ಇಡೀ ತಾಂಡಾದಲ್ಲಿ ಬೆಚ್ಚಗಿದ್ದದ್ದು ಒಂದೇ ಕೋಣೆ. ಶೀಲಾಬಾಯಿಯ ಬಾಣಂತಿ ಕೋಣೆ. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಕಿಟಕಿಗೆ ಕಂಬಳಿ, ಒಳಗೆ ಲೋಬಾನದ ಹೊಗೆ.

ಭುವನಾ ಕೇಳಲು ಹಿಂಜರಿದಳು. ಹಸಿಬಾಣಂತಿಯ ಹತ್ತಿರ, ರೋಗಾಣು ಸೋಸಿದ ವಸ್ತುವನ್ನು ಇಡುವುದೇ? ಧರ್ಮಾ ನಾಯ್ಕನೂ ತಲೆಯಾಡಿಸಿದ. “ಬ್ಯಾಡ ಅಕ್ಕಾರೆ. ಅದು ಕೂಸಿರೋ ಜಾಗ. ಹೆಚ್ಚುಕಮ್ಮಿ ಆದ್ರೆ?”

ಬಾಗಿಲಾಚೆ ನಡೆಯುತ್ತಿದ್ದ ಮಾತು ಒಳಗಿದ್ದ ಶೀಲಾಗೆ ಕೇಳಿಸಿತ್ತು. “ಒಳಾಗೆ ತರ್ರಿ,” ಎಂದಳು.

ಭುವನಾ ಒಳಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ವಿವರಿಸಿದಳು. ಏನಿದೆ, ಏನು ಅಪಾಯ, ಡಬ್ಬಿಯನ್ನು ಯಾರೂ ಬರಿಗೈಯಲ್ಲಿ ಮುಟ್ಟಬಾರದು, ಕೂಸು ಗೋಡೆಯ ಕಡೆಗಿರಬೇಕು. ಶೀಲಾ ಎಲ್ಲ ಕೇಳಿಸಿಕೊಂಡಳು.

“ನನ್ನ ಪಾಲಿನ ಕುದಿಸಿದ ನೀರು ನಾನು ಕುಡೀತೀನಿ. ಹೊರಗೆ ನಮ್ಮ ಅವ್ವ, ನಮ್ಮ ಅತ್ತೆ ಬಾಯಿ ಒಣಗಿಸ್ಕೊಂಡು ಕೂತಾರೆ. ನನಗೆ ನೀರು ಗಂಟಲಾಗೆ ಇಳಿಯಲ್ಲಕ್ಕ. ಕಾಲ ಕಡೆಗೆ ಇಡ್ರಿ. ನಾನು ನೋಡ್ಕೊಂತೀನಿ.”

ಸ್ಟೀಲಿನ ಡಬ್ಬಿಯಲ್ಲಿ ಕೆನೆಯನ್ನು ಹಾಸಿ ಭುವನಾ ಮಂಚದ ಕಾಲ್ದೆಸೆಯಲ್ಲಿಟ್ಟಳು. ಜ್ವರ ನೋಡುವ ಥರ್ಮಾಮೀಟರನ್ನು ಪಕ್ಕದಲ್ಲಿಟ್ಟರೆ ಅದು ಅಷ್ಟು ಕಡಿಮೆ ಬಿಸಿ ತೋರಿಸುತ್ತಿರಲಿಲ್ಲ. ಗಮ್ಲಿಬಾಯಿ ತನ್ನ ಮುಂಗೈ ಹಿಂಭಾಗವನ್ನು ಡಬ್ಬಿಗೆ ಮುಟ್ಟಿಸಿ, “ಕೂಸಿಗೆ ಎರೆಯೋ ನೀರಿಗಿಂತ ಒಂಚೂರು ತಣ್ಣಗೆ. ಇಷ್ಟು ಸಾಕಾ?” ಎಂದಳು. ರೇಡಿಯೋದಲ್ಲಿ ಕೇಳಿದ ನದಾಫ್ ಅಷ್ಟು ಸಾಕೆಂದರು. ಆಮೇಲೆ ತಾಸಿಗೊಮ್ಮೆ ಗಮ್ಲಿಬಾಯಿ ಮುಂಗೈ ಮುಟ್ಟಿಸಿ ನೋಡುತ್ತ, ಕೆಂಡ ಹೆಚ್ಚು ಕಡಿಮೆ ಮಾಡುತ್ತ ಕೂತಳು.

ಕೆಂಪು ನೀರಿನ ಉಪಾಯವೂ ಅವಳಿಗೇ ಹೊಳೆಯಿತು. ಗಣಿ ನಡೆಯುತ್ತಿದ್ದ ಕಾಲದಲ್ಲಿ, ತಾನು ಹುಡುಗಿಯಾಗಿದ್ದಾಗ, ತವರಿನಲ್ಲಿ ಒಣಗಿದ ನುಗ್ಗೆಬೀಜ ಕುಟ್ಟಿ ಬಿಂದಿಗೆಗೆ ಹಾಕಿ ಕದಡಿ ಬಿಡುತ್ತಿದ್ದರಂತೆ. ಎರಡು ತಾಸಿಗೆ ಮಣ್ಣು ತಳಕ್ಕೆ ಕೂರುತ್ತಿತ್ತಂತೆ. ತಾಂಡಾದಲ್ಲಿ ನುಗ್ಗೆ ಮರಕ್ಕೇನೂ ಕೊರತೆಯಿರಲಿಲ್ಲ. ಹೆಂಗಸರು ಬೀಜ ಬಿಡಿಸಿ ಕುಟ್ಟಿದರು. ಸಂಜೆಗೆ ಹತ್ತು ಬಿಂದಿಗೆಗಳಲ್ಲಿ ನೀರು ತಿಳಿಯಾಗಿ ನಿಂತಿತ್ತು. ಕಣ್ಣಿಗೆ ತಿಳಿ. ಆದರೆ ನುಸುಳಿ ಅದರೊಳಗೇ ಇತ್ತು.

ಆ ಇಪ್ಪತ್ತು ತಾಸು ತಾಂಡಾದವರು ನೀರಿನ ಮುಂದೆ ಕೂತು ನೀರು ಕುಡಿಯದೆ ಕಳೆದರು. ಕುದಿಸಿದ ನೀರಿನಲ್ಲಿ ತಲೆಗೆ ಅರ್ಧ ಲೋಟ ಸಿಕ್ಕಿತು. ಬಿಂದಿಗೆ ಹೊತ್ತು ಹಳ್ಳಕ್ಕೆ ನಾಲ್ಕು ಸಲ ಹತ್ತಿಳಿದಿದ್ದ ಭುವನಾ ತನ್ನ ಅರ್ಧ ಲೋಟವನ್ನು ಒಬ್ಬ ಮುದುಕನಿಗೆ ಕುಡಿಸಿದಳು. ಸ್ವಲ್ಪ ಹೊತ್ತಿಗೆ ಅವಳ ಕಣ್ಣು ಕತ್ತಲಿಟ್ಟಿತು. ತಾನು ಬಿದ್ದರೆ ಕೆನೆ ನೋಡುವವರು ಯಾರು ಎಂದು ಯೋಚಿಸಿದಳು. ಬಿಂದಿಗೆಯೊಂದರಿಂದ ತಿಳಿನೀರು ಬಗ್ಗಿಸಿಕೊಂಡು, ಗೊತ್ತಿದ್ದೇ, ಎರಡು ಲೋಟ ಕುಡಿದಳು. ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಶೀಲಾ ಒಳಗಿನಿಂದ ಕರೆದಳು. “ಅಕ್ಕಾ, ದೋಸೆ ಹಿಟ್ಟು ಹುಳಿ ಬಂದಂಗೆ ವಾಸ್ನೆ ಬರ್ತೈತೆ ನೋಡ್ರಿ.”

*

“ಕೂಡಿದ ಹಂಗೆ ಕಾಣ್ತೈತೆ ಸರ್,” ಎಂದಳು ಭುವನಾ ಮಧ್ಯಾಹ್ನ ರೇಡಿಯೋದಲ್ಲಿ. “ಹರಕಿನ ಜಾಗದಾಗೆ ಬೆಳ್ಳಗೆ ಒಂದು ಗೆರೆ ಐತೆ. ಆದ್ರೆ ಕಣ್ಣಿಗೆ ಕಾಣ್ದಂಗೆ ಸಂದಿ ಉಳಿದಿದ್ರೆ?”

ನದಾಫ್ ಅದನ್ನೇ ಯೋಚಿಸುತ್ತಿದ್ದರು. ಪ್ರಯೋಗಾಲಯದಲ್ಲಾದರೆ ಪರೀಕ್ಷೆಗೆ ಯಂತ್ರವಿತ್ತು. ಒದ್ದೆ ಕೆನೆಯೊಳಗಿಂದ ಗಾಳಿ ಹಾಯುವುದಿಲ್ಲ, ಹರಕಿದ್ದರೆ ಮಾತ್ರ ಹಾಯುತ್ತದೆ. ಯಂತ್ರ ಮಾಡುವುದೂ ಅಷ್ಟೇ, ಗಾಳಿ ಒತ್ತಿ ನೋಡುವುದು.

“ಸಿಸ್ಟರ್, ಬಿಪಿ ನೋಡೋ ಯಂತ್ರ ಒಯ್ದೀರಲ್ಲ, ಮುಳ್ಳಿಂದಾ?”

“ಹೌದ್ರಿ.”

“ಅದರ ರಬ್ಬರ್ ಬಲ್ಬು, ಮೀಟರು ಎರಡನ್ನೂ ನಿಮ್ಮ ಕೊಳವೆಗೆ ಸೇರಿಸ್ರಿ. ಬಳೆಯಾಗೆ ಕೆನೆ ಕೂರಿಸಿ ನೀರಾಗೆ ಮುಳುಗಿಸ್ರಿ. ಮೆಲ್ಲಗೆ ಒತ್ತುತ್ತಾ ಇನ್ನೂರಕ್ಕೆ ಏರಿಸ್ರಿ. ಗುಳ್ಳೆ ಬಂದ್ರೆ ಕೆನೆ ಕೂಡಿಲ್ಲ. ಮುಳ್ಳು ಇಳಿದ್ರೂ ಕೂಡಿಲ್ಲ.”

ಬೇವಿನ ಮರದ ಕೆಳಗೆ ಗಂಗಾಳದ ಸುತ್ತ ಎಲ್ಲರೂ ನಿಂತರು. ಭುವನಾ ಬಲ್ಬು ಒತ್ತಿದಳು. ಐವತ್ತು. ತೊಂಬತ್ತು. ನೂರ ಮೂವತ್ತಕ್ಕೆ ಒಂದು ಗುಳ್ಳೆ ಎದ್ದಿತು. ಅವಳು ಬಳೆಯನ್ನು ತಿರುಗಿಸಿ ನೋಡಿ, ಅಂಚಿನಲ್ಲಿ ಸಿಕ್ಕಿಕೊಂಡಿದ್ದ ಗಾಳಿ ಅದು ಎಂದು ತಿಳಿದು, ಮತ್ತೆ ಮೊದಲಿನಿಂದ ಶುರುಮಾಡಿದಳು. ನೂರೈವತ್ತು. ನೂರೆಂಬತ್ತು. ಇನ್ನೂರು. ಗಂಗಾಳದ ನೀರು ಕನ್ನಡಿಯ ಹಾಗೆ ನಿಂತಿತ್ತು.

“ಎಷ್ಟು ಹೊತ್ತು ಹಿಡೀಲಿ?”

“ಐದು ನಿಮಿಷ.”

ಐದು ನಿಮಿಷ ಪಂಪಾಪತಿ ಗಡಿಯಾರ ನೋಡಿದ. ನದಾಫ್ ಕಣ್ಣು ಮುಚ್ಚಿ ಕೂತಿದ್ದರು.

“ಮುಳ್ಳು ಕದಲಿಲ್ಲ ಸರ್,” ಎಂದು ದನಿ ಬಂತು. “ಇನ್ನೂರಕ್ಕೇ ನಿಂತೈತೆ.”

ಈ ಸಲ ಚೀಲವನ್ನು ಭುವನಾಳ ಕೈಯೆತ್ತರದ ಕೊಂಬೆಗೇ ಕಟ್ಟಿದರು. ನುಗ್ಗೆಬೀಜದ ತಿಳಿನೀರು ಇಳಿಯತೊಡಗಿತು. ಹತ್ತು ನಿಮಿಷಕ್ಕೊಂದು ಲೀಟರು, ನಿಲ್ಲದೆ. ಮೊದಲ ಲೋಟವನ್ನು ಯಾರಿಗೆ ಕೊಡಬೇಕೆಂದು ಭುವನಾ ಸುತ್ತ ನೋಡಿದಳು. ಧರ್ಮಾ ನಾಯ್ಕ ಕೈ ಚಾಚಿದ. “ನನಗೆ ಕೊಡ್ರಿ. ಏನಾದ್ರೂ ಆಗೋದಿದ್ರೆ ನನಗಾಗ್ಲಿ,” ಎಂದು ಗಟಗಟನೆ ಕುಡಿದು, ಬಾಯಿ ಒರೆಸಿಕೊಂಡು, “ಸಣ್ಣಗೆ ಹುಳಿ ಐತೆ,” ಎಂದ. ತಾಂಡಾದವರು ಮೂರು ದಿನದ ಮೇಲೆ ಆಗಲೇ ನಕ್ಕದ್ದು.

ಐದನೆಯ ದಿನದ ಬದಲು ಏಳನೆಯ ದಿನ ದಾರಿ ಕಡಿಯುವ ತಂಡ ಬಂತು. ಅಷ್ಟು ದಿನವೂ ಕೆನೆ ಬಾಳಿತು.

*

ಒಂಬತ್ತು ದಿನ ಕಳೆಯುವವರೆಗೆ ನದಾಫರಿಗೆ ಸಮಾಧಾನವಿರಲಿಲ್ಲ. ದಿನವೂ ಬೆಳಿಗ್ಗೆ ಕೊಠಡಿಗೆ ಹೋಗಿ ತಾಂಡಾದ ಸುದ್ದಿ ಕೇಳುತ್ತಿದ್ದರು. ಹಳ್ಳದ ನೀರು ಕುಡಿದಿದ್ದ ಐವರಿಗೆ ಜ್ವರ ಬಂತು. ಅವರನ್ನು ಆಗಲೇ ಕೆಳಗೆ ತಂದಿದ್ದರಿಂದ ಐವರೂ ಉಳಿದರು. ಕೂಡಿದ ಕೆನೆಯ ನೀರು ಕುಡಿದ ಒಬ್ಬರಿಗೂ ಏನೂ ಆಗಲಿಲ್ಲ. ಆರನೆಯದಾಗಿ ಜ್ವರ ಬಂದದ್ದು ಭುವನಾಗೆ.

ಆಸ್ಪತ್ರೆಯಲ್ಲಿ ಅವಳನ್ನು ನೋಡಲು ಹೋದಾಗ ನದಾಫರ ಜೊತೆ ಹುಸೇನಬಿಯೂ ಇದ್ದರು. ಕೆನೆ ಸರಿಯಾಗಿ ಕೂಡಿರಲಿಲ್ಲವೇನೋ ಎಂದು ನದಾಫ್ ಒಳಗೊಳಗೇ ಕುದಿಯುತ್ತಿದ್ದರು. ಅದು ಅವರ ಮುಖದಲ್ಲಿ ಭುವನಾಗೆ ಕಂಡಿರಬೇಕು. ಆಗ ಎರಡು ಲೋಟದ ವಿಷಯ ಹೇಳಿದಳು.

“ನಿಮ್ಮ ಕೆನೆದೇನೂ ತಪ್ಪಿಲ್ಲ ಸರ್. ಅದನ್ನೊಂದು ಬರ್ಕೊಳ್ರಿ.”

ಹುಸೇನಬಿ ಅವಳ ತಲೆ ನೇವರಿಸುತ್ತ ಕೂತರು. ಆಮೇಲೆ ಮೂರು ವಾರ ದಿನವೂ ಮಧ್ಯಾಹ್ನ ಗಂಜಿ ಒಯ್ದು ಕುಡಿಸಿ ಬಂದರು. ಅವಳು ನಿಮಗೇನಾಗಬೇಕು ಎಂದು ನರ್ಸುಗಳು ಕೇಳಿದರೆ, “ನನ್ನ ಮಗನ ಮಾನ ಉಳಿಸಿದಾಕಿ,” ಎನ್ನುತ್ತಿದ್ದರು.

ಭುವನಾ ಎದ್ದಳು. ನಡೆದಳು. ಆದರೆ ಹತ್ತೂ ಬೆರಳುಗಳ ತುದಿಯಲ್ಲಿ ಸ್ಪರ್ಶ ಹೋಗಿತ್ತು. ಸೂಜಿ ಹಿಡಿಯುವಂತಿರಲಿಲ್ಲ, ನಾಡಿ ನೋಡುವಂತಿರಲಿಲ್ಲ. ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. ಒಂದು ವಾರದ ಮೇಲೆ ನದಾಫ್ ಅವಳನ್ನು ಪ್ರಯೋಗಾಲಯಕ್ಕೆ ಕರೆದರು. ನಡೆಯುವವರ ಕಷ್ಟ ನಡೆದವರಿಗೇ ಗೊತ್ತು, ಚೀಲಗಳನ್ನು ಇನ್ನು ಮೇಲೆ ನೀವೇ ಹೊಂದಿಸಿಕೊಡಿ ಎಂದರು. ಮೊದಲ ದಿನವೇ ಅವಳು ಎರಡು ಬದಲಾವಣೆ ಮಾಡಿಸಿದಳು. ಕೊಳವೆಯ ನಡುವೆ ಒಂದು ಕವಾಟ, ಒತ್ತಡ ಮಿತಿಮೀರಿದರೆ ತಾನೇ ತೆರೆದುಕೊಳ್ಳುವಂಥದ್ದು, ಮೂರು ಗ್ರಾಂ. ಹೆಚ್ಚುವರಿ ಬಳೆಯ ಬದಲು ಒಂದು ಚೂರು ಒಣಕೆನೆ, ಬೆಲ್ಲದ ಪುಡಿಯ ಜೊತೆ ಪೊಟ್ಟಣದಲ್ಲಿ, ಆರು ಗ್ರಾಂ.

ಸಂಕ್ರಾಂತಿ ಕಳೆದ ಮೇಲೆ ಇಬ್ಬರೂ ಕೆಂಚನಗುಡ್ಡಕ್ಕೆ ಹೊರಟರು. ಕೂಡಿದ ಕೆನೆಯನ್ನು ತಂದು ಸೂಕ್ಷ್ಮದರ್ಶಕದಲ್ಲಿ ನೋಡಬೇಕೆಂಬುದು ನದಾಫರ ಆಸೆ. ಅದನ್ನು ತಾಂಡಾದವರು ಇನ್ನೂ ಸಾಕಿಕೊಂಡಿದ್ದರು. ಭುವನಾ ಕೋಲು ಹಿಡಿದು ನಿಧಾನವಾಗಿ ಹತ್ತಿದಳು. ದಾರಿಯುದ್ದಕ್ಕೂ ನದಾಫ್ ಅವಳ ಹಿಂದೆಯೇ ಇದ್ದು, ಬೆನ್ನಚೀಲ ಕೇಳಿದರೂ ಅವಳು ಕೊಡಲಿಲ್ಲ.

ತಾಂಡಾ ಮುಟ್ಟಿದಾಗ ಗಮ್ಲಿಬಾಯಿ ಅವರನ್ನು ನೇರ ತನ್ನ ಮನೆಗೆ ಕರೆದೊಯ್ದಳು. ಗೂಡಿನಲ್ಲಿ ಅಗಲವಾದ ನಾಲ್ಕು ಡಬ್ಬಿಗಳು, ನಾಲ್ಕರಲ್ಲೂ ಬೆಳ್ಳನೆಯ ಕೆನೆ. ಮೊದಲಿನ ಕೆನೆಯ ಅಂಚು ಕತ್ತರಿಸಿ ಶೀಲಾ ಒಂದನ್ನು ನಾಲ್ಕು ಮಾಡಿದ್ದಳು. ರೇಡಿಯೋದಲ್ಲಿ ಕೇಳಿ ಕೇಳಿ ಕಲಿತದ್ದು. ಪಕ್ಕದ ಎರಡು ಹಟ್ಟಿಗಳಿಗೂ ಕೊಟ್ಟಿದ್ದಳಂತೆ.

“ಹರಿದು ಕೂಡಿದ್ದು ಯಾವುದು?” ಎಂದರು ನದಾಫ್.

ಶೀಲಾ ಒಂದು ಡಬ್ಬಿ ತೆಗೆದು ತೋರಿಸಿದಳು. ನಡುವೆ ಆ ಬಿಳಿ ಗೆರೆ ಹಾಗೇ ಇತ್ತು. ನದಾಫ್ ಅದನ್ನು ನೋಡುತ್ತ ನಿಂತರು.

“ಒಯ್ಯಿರಿ ಸರ್,” ಎಂದಳು ಶೀಲಾ. “ಅದಕ್ಕೇ ಬಂದೀರಲ್ಲ?”

“ಒಂದು ಉಗುರಿನಷ್ಟು ಸಾಕಮ್ಮ. ಮಿಕ್ಕಿದ್ದು ನಿಮ್ಮದು. ನಮ್ಮ ಪ್ರಯೋಗಾಲಯದಾಗೆ ಇಂಥದ್ದು ಒಂದೂ ಇಲ್ಲ. ನೀವು ಕೊಟ್ಟಿದ್ದಕ್ಕೆ…” ಅವರು ಕೈಮುಗಿದರು. ಶೀಲಾ ಗಾಬರಿಯಾಗಿ ತಾನೂ ಮುಗಿದಳು.

ಅಷ್ಟರಲ್ಲಿ ಗಮ್ಲಿಬಾಯಿ ಕೂಸನ್ನು ತಂದು ಭುವನಾಳ ಮಡಿಲಿಗೆ ಹಾಕಿದಳು. ಆರು ತಿಂಗಳ ಗಟ್ಟಿ ಕೂಸು. ಅದು ಹೊಸ ಮುಖವನ್ನು ಒಂದು ಗಳಿಗೆ ದಿಟ್ಟಿಸಿ, ಅವಳ ತೋರುಬೆರಳನ್ನು ಹಿಡಿದು ಎಳೆಯಿತು.

“ಹೆಂಗ್ ಹಿಡಿದಾನೆ ನೋಡ್ರಿ, ಬಿಡೋದೇ ಇಲ್ಲ,” ಎಂದಳು ಗಮ್ಲಿಬಾಯಿ.

ಭುವನಾ ತನ್ನ ಬೆರಳನ್ನು ನೋಡಿದಳು. ಪುಟ್ಟ ಮುಷ್ಟಿ ಬಿಗಿಯಾಗಿರುವುದು ಕಣ್ಣಿಗೆ ಕಾಣುತ್ತಿತ್ತು. ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ. ಅವಳು ಆ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿ, ಮೇಲಕ್ಕೆತ್ತಿ, ತನ್ನ ಕೆನ್ನೆಗೆ ಒತ್ತಿಕೊಂಡಳು. ಕೆನ್ನೆಗೆ ತಿಳಿಯಿತು. ಬೆಚ್ಚಗಿತ್ತು, ಜೊಲ್ಲಿಗೆ ಒದ್ದೆಯಾಗಿತ್ತು. ಕೂಸು ಕೈ ಬಿಚ್ಚಿ ಅವಳ ಕೆನ್ನೆಯನ್ನು ಹಿಡಿದುಕೊಂಡಿತು. ಅವಳು ಅಲುಗಾಡದೆ ಹಾಗೇ ಕೂತಳು.